ಕಣ್ಣಿನ ಗಾಯ, ಕಲೆ ಮತ್ತು ಒಂದು ಹನಿ ಔಷಧ



ಎಮರಾಲ್ಡಿನ ಚಹಾ ತೋಟಗಳಲ್ಲಿಯೂ ತರಕಾರಿ ಹೊಲಗಳಲ್ಲಿಯೂ ದುಡಿಯುವ ನಮ್ಮ ಕಣ್ಣಿಗೆ ಎಲೆಯೋ ಕಡ್ಡಿಯೋ ತಾಗುವುದುಂಟು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಪದರವಷ್ಟೇ ತರಚಿದರೆ ಅದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಗಾಯ ಆಳಕ್ಕಿಳಿದರೆ ಅಲ್ಲಿನ ಜೀವಕೋಶಗಳು ಒರಟಾದ ನಾರನ್ನು ಹೆಣೆಯುತ್ತವೆ; ಬೆಳಕನ್ನು ತಡೆಯುವ ಬಿಳಿಯ ಕಲೆ ಉಳಿಯುತ್ತದೆ.

ನಮ್ಮ ದೇಹದ ಕಾರ್ಟಿಸಾಲ್ ಹಾರ್ಮೋನು ಜೀವಕೋಶದೊಳಗಿನ ಗ್ರಾಹಕವನ್ನು, ಬೀಗಕ್ಕೆ ಕೀಲಿಕೈ ಸೇರುವಂತೆ ಸೇರಿ, ಉರಿಯೂತವನ್ನು ತಗ್ಗಿಸುತ್ತದೆ. ಸ್ಟೀರಾಯ್ಡ್ ಹನಿಗಳು ಕೆಲಸ ಮಾಡುವುದೂ ಅದೇ ಗ್ರಾಹಕದ ಮೂಲಕ. ತಕ್ಕ ಸಮಯದಲ್ಲಿ ವೈದ್ಯರು ಕೊಟ್ಟರೆ ಅವು ಕಲೆಯನ್ನು ತಗ್ಗಿಸಬಲ್ಲವು. ಆದರೆ ಗಿಡದಿಂದಾದ ಗಾಯದಲ್ಲಿ ಶಿಲೀಂಧ್ರ ಸೇರಿದ್ದರೆ, ಅದೇ ಹನಿ ದೇಹದ ಕಾವಲನ್ನು ಮಲಗಿಸಿ ಸೋಂಕಿಗೆ ದಾರಿ ಬಿಡುತ್ತದೆ. ಕೆಂಪು ಇಳಿದಂತೆ ತೋರಿದರೂ ಒಳಗೆ ಹುಣ್ಣು ಆಳವಾಗಬಹುದು.

ಮಧುರೈಯ ಅರವಿಂದ್ ಕಣ್ಣಾಸ್ಪತ್ರೆಯೂ ಪಾಲ್ಗೊಂಡ, 2012ರಲ್ಲಿ ಪ್ರಕಟವಾದ 500 ರೋಗಿಗಳ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾದಿಂದಾದ ಹುಣ್ಣಿಗೂ ಸ್ಟೀರಾಯ್ಡ್ ಸೇರಿಸಿದ್ದರಿಂದ ಮೂರು ತಿಂಗಳ ಬಳಿಕ ದೃಷ್ಟಿಯಲ್ಲಿ ಒಟ್ಟಾರೆ ಹೆಚ್ಚಿನ ಲಾಭ ಕಾಣಲಿಲ್ಲ.

ಆದುದರಿಂದ ಕಣ್ಣಿಗೆ ಪೆಟ್ಟಾದಾಗ ಉಜ್ಜದಿರೋಣ. ಮನೆಯಲ್ಲುಳಿದ ಹನಿಯನ್ನಾಗಲಿ, ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನಾಗಲಿ ಹಾಕದೆ, ತಡಮಾಡದೆ ನೇತ್ರವೈದ್ಯರನ್ನು ಕಾಣೋಣ. ಶತಮಾನ ಕಂಡ ಈ ಶಾಲೆಯ ಮಕ್ಕಳಿಗೆ ಅಕ್ಷರದೊಡನೆ ಈ ಎಚ್ಚರವನ್ನೂ ಕಲಿಸೋಣ.