ನೀರಿನ ವಿದ್ಯೆ, ಅದರ ವೆಚ್ಚ

ಅಮಾವಾಸ್ಯೆಯ ಮರುದಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ನಿಂತವರು ದೇವರ ದರ್ಶನದೊಡನೆ ಇನ್ನೊಂದನ್ನೂ ಕಂಡಿರುತ್ತಾರೆ: ಸಾವಿರಾರು ಮಂದಿ ಮಿಂದು, ಉಂಡು, ಮಲಗಿ ಎದ್ದುಹೋದ ನೆಲವನ್ನು. ಎರಡು ವರ್ಷದ ಹಿಂದೆ ಅಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೋರಿಯನ್ನು ತೋರಿಸಿ, “ಈ ನೀರೆಲ್ಲ ಎಲ್ಲಿಗೆ ಹೋದದು ಸಾ? ಇದನ್ನೇ ಓದಬಹುದಂತಲ್ಲ?” ಎಂದು ಕೇಳಿದಳು. ಜೊತೆಯಲ್ಲಿದ್ದ ತಂದೆ, ಹನೂರು ಕಡೆಯ ಒಕ್ಕಲಿನವರು, ಕೇಳಿದ್ದು ಒಂದೇ: “ದುಡ್ಡು ಎಷ್ಟಾದದು ಮೇಷ್ಟ್ರೇ?”

ಓದಬಹುದು. ‘ಪರಿ’ ಎಂದರೆ ಸುತ್ತ. ‘ಸರ’ ಎಂಬುದು ಚಲನೆಯನ್ನು ಹೇಳುವ ಧಾತುವಿನಿಂದ ಬಂದದ್ದು. ಪಂಡಿತನ ಚಾಪಲ್ಯವನ್ನು ಕೇಳುಗರು ಮನ್ನಿಸಬೇಕು. ಆದರೆ ಪರಿಸರ ಎಂಜಿನಿಯರಿಂಗು ಹಿಡಿದಿರುವುದೂ ಸುತ್ತ ಹರಿಯುವುದನ್ನೇ. ಕೊಳಚೆಯನ್ನು ಅಣುಜೀವಿಗಳಿಗೆ ಉಣಿಸಿ ತಿಳಿಯಾಗಿಸುವುದು, ನೀರಿಗೆ ಬೆರೆಸುವ ಕ್ಲೋರಿನ್ನಿನ ಲೆಕ್ಕ, ಕಸ, ಹೊಗೆ, ಎಲ್ಲವೂ ಅದರ ಪಾಠ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ. ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದು. ಈ ಭೇದ ತಿಳಿದವರು ಊರಿಗೊಬ್ಬರಾದರೂ ಬೇಡವೆ?

ನಮಗೆ ಹತ್ತಿರದಲ್ಲಿ ಈ ವಿಭಾಗವನ್ನು ಬಹುಕಾಲದಿಂದ ನಡೆಸಿಕೊಂಡು ಬಂದುದು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು. 1963ರಲ್ಲಿ ಹುಟ್ಟಿದ ಅದು 2016ರಲ್ಲಿ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯವಾಯಿತು. ಓದು ನಾಲ್ಕು ವರ್ಷ. ಅಷ್ಟು ದೂರ ಕಳುಹಿಸಲಾರದವರು 2007ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ಕಾಲೇಜಿನಲ್ಲಿ ಸಿವಿಲ್ ಓದಿ, ಆಮೇಲೆ ಎಂ.ಟೆಕ್‌ನಲ್ಲಿ ಈ ಕಡೆ ಹೊರಳಬಹುದು. ಕೆಲವು ಸರ್ಕಾರಿ ಹುದ್ದೆಗಳು ಸಿವಿಲ್ ಪದವಿಯನ್ನೇ ಕೇಳುವುದರಿಂದ ಇದು ಜಾಣದಾರಿಯೂ ಹೌದು.

ದುಡ್ಡಿನ ಮಾತು. ಸಿ.ಇ.ಟಿ. ಅಂಕ ಅರ್ಧ, ಪಿ.ಯು.ಸಿ.ಯ ಭೌತ, ರಸಾಯನ, ಗಣಿತದ ಅಂಕ ಅರ್ಧ ಕೂಡಿಸಿ ಕ್ರಮಾಂಕ ಕೊಡುತ್ತಾರೆ. ಅದರಿಂದ ಸರ್ಕಾರಿ ಸೀಟು ಸಿಕ್ಕರೆ ಶುಲ್ಕ ಒಂದು ಬಗೆ. ಆಡಳಿತ ಮಂಡಳಿಯ ಸೀಟಾದರೆ ಅದರ ಹಲವು ಪಟ್ಟು. ವರಮಾನ ವರ್ಷಕ್ಕೆ 8 ಲಕ್ಷದೊಳಗಿನ ಮನೆಯವರಿಗೆ ಬೋಧನಾ ಶುಲ್ಕವಿಲ್ಲದ ಶೇಕಡಾ 5 ಹೆಚ್ಚುವರಿ ಸೀಟುಗಳುಂಟು. ಹಳ್ಳಿಯಲ್ಲಿ ಹತ್ತನೆಯವರೆಗೆ ಓದಿದವರಿಗೆ ಶೇಕಡಾ 15, ಕನ್ನಡದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು. ಆ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ರುಜು ತಡವಾಗಿ ಸೀಟು ಕಳೆದುಕೊಂಡ ಹುಡುಗನೊಬ್ಬ ನನ್ನ ತರಗತಿಯಲ್ಲಿಯೇ ಇದ್ದ. ತಪ್ಪಿನಲ್ಲಿ ನನಗೂ ಪಾಲುಂಟು, ನಾನು ನೆನಪಿಸಬೇಕಾಗಿತ್ತು. ಆದರೆ ಸಂಸಾರದ ಬೆನ್ನು ಮುರಿಯುವುದು ಶುಲ್ಕಕ್ಕಿಂತ ಹೆಚ್ಚಾಗಿ ಹಾಸ್ಟೆಲು ಮತ್ತು ಊಟ. ಅದನ್ನು ಯಾರೂ ಮೊದಲು ಹೇಳುವುದಿಲ್ಲ.

ಓದುವವರು ಯಾರು? ಕಂಪ್ಯೂಟರಿನ ನೂಕುನುಗ್ಗಲು ಇಲ್ಲಿಲ್ಲ. ಯಂತ್ರವಿಭಾಗಕ್ಕಿಂತ ಹುಡುಗಿಯರು ಹೆಚ್ಚು. ಯಾವ ಹಳ್ಳದಲ್ಲಿ ಯಾವ ತಿಂಗಳು ನೀರಿರುತ್ತದೆಂದು ಬಲ್ಲ ಸೋಲಿಗರ ಪೋಡುಗಳಿಂದ ಬಂದ ಮಗುವನ್ನು ಈ ತರಗತಿಯಲ್ಲಿ ನಾನಿನ್ನೂ ಕಂಡಿಲ್ಲ. ಪರಿಶಿಷ್ಟರಿಗೆ ಕೇಂದ್ರದ ವಿದ್ಯಾರ್ಥಿವೇತನವುಂಟು, ವರಮಾನದ ಮಿತಿ 2.5 ಲಕ್ಷ, ಸುದ್ದಿ ಅಲ್ಲಿಯವರೆಗೆ ಹತ್ತಬೇಕು.

ಆ ಹುಡುಗಿಗೆ ಸರ್ಕಾರಿ ಸೀಟು ಸಿಕ್ಕಿತು. ಹಾಸ್ಟೆಲಿನ ಮುಂಗಡಕ್ಕೆ ತಂದೆ ಒಂದು ಹಸುವನ್ನು ಮಾರಿದರು. ಕಳೆದ ದೀಪಾವಳಿಗೆ ಬೆಟ್ಟಕ್ಕೆ ಬಂದವಳು ಅಂತರಗಂಗೆಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡಳು. “ತೀರ್ಥವೇನವ್ವ?” ಎಂದರು ತಂದೆ. “ಪರೀಕ್ಷೆಗೆ ಕಣಪ್ಪ” ಎಂದು ಸೀಸೆಯ ಮೇಲೆ ತಾರೀಖು ಬರೆದಳು.