ಹರೆಯದ ಮನಸ್ಸಿಗೆ ಕಿವಿಗೊಡಿರಿ



ಪರೀಕ್ಷೆಯ ದಿನಗಳು ಹತ್ತಿರ ಬಂದವೆಂದರೆ ಮಠಕ್ಕೆ ಬರುವ ತಂದೆತಾಯಿಗಳ ಬೇಡಿಕೆ ಒಂದೇ ಆಗಿರುತ್ತದೆ: "ಬುದ್ಧೀ, ನಮ್ಮ ಹುಡುಗನಿಗೆ ಒಳ್ಳೆಯ ಅಂಕ ಬರಲೆಂದು ಆಶೀರ್ವದಿಸಿರಿ." ಆಶೀರ್ವಾದವೇನೋ ಉಂಟು. ಆದರೆ "ಅವನು ನೆಮ್ಮದಿಯಿಂದಿರಲಿ" ಎಂದು ಬೇಡುವವರು ವಿರಳ. ಅಂಕ ಬಂದರೆ ನೆಮ್ಮದಿ ತಾನಾಗಿಯೇ ಹಿಂದೆ ಬರುತ್ತದೆಂದು ನಂಬಿದ್ದೇವೆ. ಈ ನಂಬಿಕೆಯನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

2015ರಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ ನಡೆಯಿತು. ನಮ್ಮ ದೇಶ ಅದರಲ್ಲಿ ಸೇರಿರಲಿಲ್ಲ. ಹಲವು ನಾಡುಗಳ 15 ವರ್ಷದ ಮಕ್ಕಳನ್ನು, "ನಿನ್ನ ಬಾಳು ನಿನಗೆ ಎಷ್ಟು ತೃಪ್ತಿ ತಂದಿದೆ? ಹತ್ತಕ್ಕೆ ಎಷ್ಟು ಕೊಡುವೆ?" ಎಂದು ಕೇಳಿದರು. ದಕ್ಷಿಣ ಕೊರಿಯಾದ ಮಕ್ಕಳ ಉತ್ತರ ಸರಾಸರಿ 6.4, ನೆದರ್ಲೆಂಡ್ಸ್ ಮಕ್ಕಳದು 7.8. ವಿಜ್ಞಾನದ ಅಂಕದಲ್ಲಾದರೋ ಈ ಎರಡು ನಾಡುಗಳಿಗೂ ಹೆಚ್ಚು ಅಂತರವಿಲ್ಲ. ಫಿನ್ಲೆಂಡಿನ ಮಕ್ಕಳು ಅಂಕದಲ್ಲಿ ಇಬ್ಬರಿಗಿಂತಲೂ ಮುಂದು, ತೃಪ್ತಿಯಲ್ಲಿಯೂ 7.9. ಅಂಕದಲ್ಲಿ ಬಹಳ ಹಿಂದಿದ್ದ ಮೆಕ್ಸಿಕೋ ಮಕ್ಕಳು 8.3 ಎಂದರು. ತನ್ನ ಸುಖವನ್ನು ಎತ್ತಿ ಹೇಳಿಕೊಳ್ಳುವುದು ಕೆಲವು ನಾಡುಗಳಲ್ಲಿ ವಿನಯಕ್ಕೆ ಕುಂದು. ಆದ್ದರಿಂದ ಈ ಸಂಖ್ಯೆಗಳನ್ನು ತಕ್ಕಡಿಯಲ್ಲಿಟ್ಟು ತೂಗಬಾರದು. ಆದರೂ ಒಂದು ಮಾತು ಸ್ಪಷ್ಟ: ಅಂಕ ಬೇರೆ, ನೆಮ್ಮದಿ ಬೇರೆ. ಎರಡೂ ಕೂಡಿ ಬಾಳಬಲ್ಲವು. ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡಬೇಕಾಗಿಲ್ಲ.

ಕೊರಿಯಾದಲ್ಲಿ ನವೆಂಬರ್ ತಿಂಗಳಲ್ಲಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ. ಇಂಗ್ಲಿಷ್ ಮಾತನ್ನು ಕೇಳಿ ಉತ್ತರ ಬರೆಯುವ ವೇಳೆಗೆ, ಸದ್ದಾಗಬಾರದೆಂದು ವಿಮಾನಗಳ ಹಾರಾಟವನ್ನೇ ತಡೆಯುತ್ತಾರೆ. ತಾಯಂದಿರು ಬೌದ್ಧ ದೇವಾಲಯಗಳಲ್ಲಿ, ಚರ್ಚುಗಳಲ್ಲಿ ಪ್ರಾರ್ಥಿಸುತ್ತಾರೆ. ಅದೂ ಪ್ರೀತಿಯೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷೆಯ ಧ್ವನಿ ಮಗುವಿಗೆ ಕೇಳಿಸಲೆಂದು ಆಕಾಶವನ್ನೇ ಸುಮ್ಮನಾಗಿಸುವ ನಾವು, ಮಗುವಿನ ಧ್ವನಿ ಕೇಳಲೆಂದು ನಮ್ಮ ಬಾಯನ್ನು ಸುಮ್ಮನಾಗಿಸುತ್ತೇವೆಯೇ? ಇದು ಕೊರಿಯಾಕ್ಕೆ ಮಾತ್ರ ಹಾಕುವ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣ ತಾವೇ ಕಳೆದುಕೊಂಡರೆಂದು ಸರಕಾರದ ಲೆಕ್ಕ ಹೇಳುತ್ತದೆ. ಕಾರಣಗಳು ಹಲವು. ಆದರೆ ನೊಂದ ಮಗು ಬಾಯ್ಬಿಟ್ಟು ಹೇಳಿಕೊಳ್ಳಲು ಮನೆಯಲ್ಲಿ ಒಂದು ಕಿವಿಯಾದರೂ ಬೇಡವೇ?

ಅದೇ ಸಮೀಕ್ಷೆಯಲ್ಲಿ ಕಂಡುಬಂದ ಇನ್ನೊಂದು ಸಂಗತಿಯನ್ನು ಗಮನವಿಟ್ಟು ಕೇಳಿರಿ. ತಂದೆತಾಯಿ ದಿನವೂ ಜೊತೆಗೆ ಕುಳಿತು ಉಣ್ಣುವ, ಸುಮ್ಮನೆ ನಾಲ್ಕು ಮಾತಾಡುವ ಮನೆಗಳ ಮಕ್ಕಳು ತಮ್ಮ ಬಾಳಿನಲ್ಲಿ ಹೆಚ್ಚು ತೃಪ್ತರಾಗಿದ್ದರು. ಪಾಠ ತಿಳಿಯದಾಗ ಗುರು ನೆರವಿಗೆ ಬರುತ್ತಾನೆಂಬ ಭರವಸೆಯಿದ್ದಲ್ಲಿ ಪರೀಕ್ಷೆಯ ಭಯ ಕಡಿಮೆಯಿತ್ತು. ಇದಕ್ಕೆ ಹಣ ಬೇಕೇ? ದೊಡ್ಡ ಶಾಲೆ ಬೇಕೇ?

ಶರಣರು ಇದನ್ನು ಬಾಳಿ ತೋರಿಸಿದರು. ಪಂಕ್ತಿಯಲ್ಲಿ ಕೂಡಿ ಉಣ್ಣುವುದೇ ಪ್ರಸಾದ. ಮನಬಿಚ್ಚಿ ಆಡಿದ್ದನ್ನು ಆಲಿಸುವುದೇ ಅನುಭಾವಗೋಷ್ಠಿ. ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಚಿಕ್ಕವರು. ಕಲ್ಯಾಣದ ಹಿರಿಯರು ಅವರ ಮಾತಿಗೆ ಕಿವಿಗೊಟ್ಟರು. ನಮ್ಮ ಮನೆಯ ಹದಿನೈದರ ಮಗುವಿನ ಮಾತನ್ನು ನಾವು ಪೂರ್ತಿ ಕೇಳಿದ್ದು ಯಾವಾಗ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಹಿಡಿದು ಕೆಲವರು ಬರಿ ಬಗ್ಗಿಸುವುದಕ್ಕೇ ನಿಲ್ಲುತ್ತಾರೆ. ನೀರು ಕಾಣದ ಗಿಡ ಬಗ್ಗುವುದಿಲ್ಲ, ಮುರಿಯುತ್ತದೆ.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ ಒಂದು ನೇಮ ಹಿಡಿಯಿರಿ. ರಾತ್ರಿಯ ಊಟಕ್ಕೆ ಮಕ್ಕಳೊಡನೆ ಕೂಡಿರಿ. ಮೊಬೈಲನ್ನು ದೂರವಿಡಿರಿ. ಅಂಕದ ಮಾತೆತ್ತಬೇಡಿರಿ. ಅವರು ಆಡಿದ್ದನ್ನು ಕೇಳಿರಿ; ಆಡದಿದ್ದರೆ ಜೊತೆಗೆ ಸುಮ್ಮನೆ ಕುಳಿತಿರಿ. ಮಗು ನೆಲದ ಮೇಲಿನ ಜಂಗಮ. ಅದರ ಮನಸ್ಸನ್ನು ಕಾಯುವುದೂ ದಾಸೋಹವೇ.

ಗುರುಬಸವಣ್ಣನವರ ಕೃಪೆ ನಿಮ್ಮೆಲ್ಲರ ಮಕ್ಕಳ ಮೇಲಿರಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.