ಬಾನುಲಿಯಲ್ಲಿ ವಾದ್ಯವೃಂದ

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ‘ಪ್ರಾಮ್ಸ್’ ಸಂಗೀತೋತ್ಸವವನ್ನು ಬಿಬಿಸಿ ನೇರವಾಗಿ ಬಿತ್ತರಿಸುವಾಗ ಮನೆಯ ಕೇಳುಗರನ್ನು ತಲುಪುವುದು ವಾದ್ಯಗಳ ನಾದವಷ್ಟೇ ಅಲ್ಲ. ಸಭಾಂಗಣದ ಗುಣ, ಮೈಕುಗಳನ್ನಿಟ್ಟ ಜಾಗ, ಧ್ವನಿ ತಂತ್ರಜ್ಞರ ವಿವೇಚನೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ.

1871ರಲ್ಲಿ ಉದ್ಘಾಟನೆಯಾದ ಆ ಭವನದ ವಿಶಾಲ ಗುಮ್ಮಟವು ಸ್ವರವನ್ನು ತಡವಾಗಿ ಹಿಂದಿರುಗಿಸಿ ಮಾರ್ದನಿ ಎಬ್ಬಿಸುತ್ತಿದ್ದುದರಿಂದ, 1960ರ ದಶಕದ ಕೊನೆಯಲ್ಲಿ ಛಾವಣಿಯಿಂದ ಅಣಬೆಯಾಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿ, ನಾದವು ಗುಮ್ಮಟಕ್ಕೇರುವ ಮೊದಲೇ ಚದುರುವಂತೆ ಮಾಡಲಾಯಿತು. ಅಂಥ ಭವನದಲ್ಲಿ ಮೈಕು ಕೊಳಲಿಗೆ ತೀರ ಹತ್ತಿರವಿದ್ದರೆ ವಾದಕರ ಉಸಿರು, ಕೀಲಿಗಳ ಮೆಲುಸದ್ದು ಕೂಡ ಕೇಳುತ್ತದೆ. ದೂರವಿದ್ದರೆ ಪಿಟೀಲುಗಳ ಅಂಚು ಮಸುಕಾಗುತ್ತದೆ.

ಇದರ ಜೊತೆಗೆ ಬಾನುಲಿಯಲ್ಲಿ ಸಾಮಾನ್ಯವಾಗಿ ‘ಕಂಪ್ರೆಷನ್’ ಬಳಕೆಯಾಗುತ್ತದೆ. ಅತಿ ಮೆಲ್ಲನೆಯ ನಾದವನ್ನು ಎತ್ತರಿಸಿ, ಅತಿ ಜೋರಾದುದನ್ನು ತಗ್ಗಿಸಿ, ಕಾರಿನಲ್ಲಿ ಅಥವಾ ಅಡುಗೆಮನೆಯಲ್ಲಿ ಕೇಳುವವರಿಗೂ ಎಲ್ಲವೂ ಕೇಳಿಸುವಂತೆ ಮಾಡುವ ಕ್ರಮವಿದು. ಅನುಕೂಲಕರವೇನೋ ಹೌದು, ಆದರೆ ವಾದ್ಯವೃಂದವು ಪಿಸುಮಾತಿನಿಂದ ಗರ್ಜನೆಗೆ ಏರುವ ಆ ಅಪೂರ್ವ ಏರಿಕೆಯೇ ಇದರಿಂದ ಚಪ್ಪಟೆಯಾಗುತ್ತದೆಂಬುದು ದೊಡ್ಡ ನಷ್ಟ.

ಆದರೂ ಬಿತ್ತರಣೆಯು ಮರೆಮಾಡಲಾರದ ಸಂಗತಿಗಳು ಸಾಕಷ್ಟಿವೆ: ಹತ್ತಾರು ಪಿಟೀಲುಗಳ ಕಮಾನುಗಳು ಒಂದೇ ಕ್ಷಣದಲ್ಲಿ ಸ್ವರ ಹಿಡಿದವೇ, ತುತ್ತೂರಿಗಳು ಶ್ರುತಿಯಲ್ಲಿ ನಿಂತವೇ, ನಿರ್ದೇಶಕರು ಲಯವನ್ನು ಅವಸರಿಸದೆ ನಡೆಸಿದರೇ ಎಂಬುದನ್ನು ಸಣ್ಣ ರೇಡಿಯೊ ಕೂಡ ಪ್ರಾಮಾಣಿಕವಾಗಿ ತಿಳಿಸುತ್ತದೆ. ನಾದದ ಏರಿಳಿತದ ವಿಷಯದಲ್ಲಿ ಮಾತ್ರ ಬಾನುಲಿಯೊಂದನ್ನೇ ನಂಬಿ ನಿರ್ದೇಶಕರ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.